ಗುಡ್ಡದಾಚೆಯ ಅಡುಗೆಮನೆ

ಬೆಳಿಗ್ಗೆ ಏಳಕ್ಕೆ ನಾನು ಮೈಕಿನ ಮುಂದೆ ಕೂತು ನಮಸ್ಕಾರ ಹೇಳಿದರೆ ಶಿಕಾರಿಪುರದ ಪೇಟೆಯಲ್ಲಿ ದೋಸೆ ತಿರುವುವವರಿಗೆ ಕೇಳಿಸುತ್ತಿತ್ತು. ಮೂಡಲ ಕಡೆಯ ಹಳ್ಳಿಗಳಲ್ಲಿ ಮೆಕ್ಕೆಜೋಳದ ಹೊಲಕ್ಕೆ ಹೊರಟ ಟ್ರ್ಯಾಕ್ಟರಿನವರಿಗೆ ಕೇಳಿಸುತ್ತಿತ್ತು. ನನ್ನನ್ನು ಕಂಡರಾಗದ ಹಿಂದಿನ ಬೀದಿಯ ಹೆಂಗಸಿಗೂ ಕೇಳಿಸುತ್ತಿತ್ತು. ನಾನು ಚಿತ್ರಾನ್ನಕ್ಕೆ ಸಾಸಿವೆ ಎಷ್ಟು ಹಾಕಲು ಹೇಳಿದೆ ಎಂಬುದನ್ನು ಹಿಡಿದು ಆಕೆ ಸಂಜೆಯವರೆಗೆ ಆಡಿಕೊಳ್ಳುತ್ತಿದ್ದಳು. ಕೇಳಿಸದೆ ಇದ್ದದ್ದು ಸೊರಬದ ಗಡಿಯಲ್ಲಿರುವ ನನ್ನ ಅಕ್ಕನಿಗೆ. ಯಾರಿಗೋಸ್ಕರ ನಾನು ಆ ಕೆಲಸಕ್ಕೆ ಹೂಂ ಅಂದಿದ್ದೆನೋ, ಅವಳೊಬ್ಬಳಿಗೆ.

ನಮ್ಮದು ದೊಡ್ಡ ಎಫ್‌ಎಂ ಅಲ್ಲ. ಊರಿನ ನಾಲ್ಕು ಜನ ಸೇರಿ ಕಟ್ಟಿದ ಪುಟ್ಟ ಸಮುದಾಯ ರೇಡಿಯೋ. ಎರಡು ಕೋಣೆ, ಗೋಡೆಗೆ ಅಂಟಿಸಿದ ಕಪ್ಪು ಸ್ಪಂಜು, ಹಿತ್ತಲಲ್ಲಿ ಒಂದು ಕಬ್ಬಿಣದ ಟವರು. ಬೆಳಗಿನ ಒಂದು ಗಂಟೆ ನನ್ನದು. ಅಡುಗೆ, ಹಸುಕರುಗಳ ಆರೈಕೆ, ಯಾರ ಹೊಲದಲ್ಲಿ ನಾಟಿ ನಡೆದಿದೆ ಎಂಬ ಸುದ್ದಿ, ನಡುನಡುವೆ ಹಳೆಯ ಹಾಡು. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ಹೊಲಿಗೆ ಕಲಿಸಿಕೊಂಡು ಇದ್ದವಳು ನಾನು. ಬಾಯಿ ಜೋರು ಎಂದು ಅತ್ತೆಮನೆಯಲ್ಲಿ ಹೆಸರಾಗಿತ್ತು. ಅದೇ ಬಾಯಿಗೆ ಮೈಕು ಕೊಟ್ಟರಲ್ಲ ಎಂದು ನಮ್ಮ ಮನೆಯವರು ಇವತ್ತಿಗೂ ಹಣೆ ಚಚ್ಚಿಕೊಳ್ಳುತ್ತಾರೆ.

ನಮ್ಮ ತವರು ತಾಳಗುಂದದ ಹತ್ತಿರ. ಅಕ್ಕ ನನಗಿಂತ ತುಂಬ ದೊಡ್ಡವಳು. ಅವ್ವ ಗದ್ದೆಗೆ ಹೋದರೆ ನಾನು ಅಕ್ಕನ ಸೊಂಟದ ಮೇಲೆ. ನನಗೆ ಮೂಗಿನ ತುದಿಯಲ್ಲೇ ಕೋಪ. ರೊಟ್ಟಿ ಚೂರು ಸಣ್ಣದಾಯಿತೆಂದು ಮುನಿದು ಮಂಚದ ಕೆಳಗೆ ಹೋಗಿ ಮಲಗುತ್ತಿದ್ದೆ. ಅಕ್ಕ ಬೈಯುತ್ತಿರಲಿಲ್ಲ, ಎಳೆದು ತೆಗೆಯುತ್ತಲೂ ಇರಲಿಲ್ಲ. ಮಜ್ಜಿಗೆ ಕಡೆಯುತ್ತ ಕೂತಲ್ಲಿಂದಲೇ ಒಂದು ಹಾಡು ಶುರು ಮಾಡುತ್ತಿದ್ದಳು. ಅವಳೇ ಕಟ್ಟಿದ್ದೋ ಯಾರಿಂದ ಕಲಿತದ್ದೋ, ಅದೊಂದು ಕರೆಯುವ ಹಾಡು. ಹಿತ್ತಲ ಕರುವನ್ನು ಬಾ ಎನ್ನುವುದು, ಕೆರೆಯ ಗಾಳಿಯನ್ನು ಬಾ ಎನ್ನುವುದು, ಹೀಗೆ ಕರೆಯುತ್ತ ಕರೆಯುತ್ತ ಕೊನೆಗೆ ಮುನಿದ ತಂಗಿಯ ಹತ್ತಿರ ಬರುವುದು. ಪ್ರತಿ ನುಡಿಯ ಕೊನೆಯಲ್ಲೂ ಆ 'ಬಾ' ಎಂಬ ಮಾತನ್ನು ಮಾತ್ರ ಅವಳು ಹಾಡದೆ ಬಿಟ್ಟುಬಿಡುತ್ತಿದ್ದಳು. ಕಡಗೋಲು ನಿಲ್ಲುತ್ತಿತ್ತು. ಮನೆಯೆಲ್ಲ ಸುಮ್ಮನಾಗುತ್ತಿತ್ತು. ಆ ಖಾಲಿ ಜಾಗ ನನ್ನಿಂದ ತಡೆದುಕೊಳ್ಳಲು ಆಗುತ್ತಿರಲಿಲ್ಲ. ಮಂಚದ ಕೆಳಗಿನಿಂದಲೇ 'ಬಾ' ಎಂದು ಕಿರುಚುತ್ತಿದ್ದೆ. ಅಲ್ಲಿಗೆ ನನ್ನ ಮುನಿಸು ಮುಗಿಯಿತು ಎಂದೇ ಲೆಕ್ಕ. ಒಂದು ಬೆಣ್ಣೆಯ ಮುದ್ದೆ ನನ್ನ ಬಾಯಿಗೆ ಬರುತ್ತಿತ್ತು.

ಅಂಥ ಗಂಟಲು ಅವಳದು. ಆ ಗಂಟಲಿಗೇ ಕಾಯಿಲೆ ಬಂತು. ಆಪರೇಷನ್ ಆಯಿತು, ಜೀವ ಉಳಿಯಿತು, ದನಿ ಹೋಯಿತು. ಪಿಸುಮಾತು ಉಳಿಯಿತು. ಎದುರಿಗೆ ಕೂತು ಕಿವಿ ಕೊಟ್ಟರೆ ಕೇಳಿಸುತ್ತದೆ, ಪಕ್ಕದ ಕೋಣೆಗೆ ಕೇಳಿಸದು.

ಅದಕ್ಕೆ ಮುಂಚೆ ನಾವಿಬ್ಬರೂ ದಿನಾ ಫೋನಿನಲ್ಲಿ ಹರಟುತ್ತಿದ್ದೆವು. ಅವಳ ಮನೆಯೊಳಗೆ ಮೊಬೈಲು ಸತ್ತ ಹಾಗೆ. ಕಣದ ಅಂಚಿನ ಹಲಸಿನ ಮರದ ಹತ್ತಿರ ಬಂದರೆ ಜೀವ ಬರುತ್ತದೆ. ಅವಳು ಕೆಲಸವೆಲ್ಲ ಮುಗಿಸಿ ಮರದ ಹತ್ತಿರ ಬಂದು ಮಿಸ್ಡ್ ಕಾಲ್ ಕೊಡುವುದು, ನಾನು ತಿರುಗಿ ಮಾಡುವುದು, ಇದು ನಮ್ಮ ಪದ್ಧತಿ. ಆಪರೇಷನ್ ಆದ ಮೇಲೂ ಅವಳು ಮರದ ಹತ್ತಿರ ಬಂದಳು. ನಾನು ಫೋನ್ ಮಾಡಿದೆ. ಆ ಕಡೆಯಿಂದ ಗಾಳಿ ಊದಿದ ಹಾಗೆ ಏನೋ ಬರುತ್ತಿತ್ತು, ಅದರ ಮೇಲೆ ನೆಟ್‌ವರ್ಕಿನ ಕಟಕಟ. ನಾನು 'ಹಲೋ, ಅಕ್ಕಾ, ಹಲೋ' ಎಂದು ಕೂಗುವುದು, ಅವಳು ಉಸಿರು ಕಟ್ಟಿಕೊಂಡು ಮತ್ತೆ ಹೇಳುವುದು, ನನಗೆ ತಿಳಿಯದೆ ಇರುವುದು. ಕೆಲವು ದಿನ ಹೀಗೇ ನಡೆಯಿತು. ಆಮೇಲೆ ಅವಳು ಫೋನ್ ಎತ್ತುವುದನ್ನು ಬಿಟ್ಟಳು. ಬೆಳಿಗ್ಗೆ ಒಂದು ಮಿಸ್ಡ್ ಕಾಲ್ ಮಾತ್ರ ಬರುತ್ತಿತ್ತು. ಇದ್ದೇನೆ, ಚೆನ್ನಾಗಿದ್ದೇನೆ ಎಂದು ಅದರರ್ಥ. ಆ ಒಂದು ರಿಂಗು ಬಂದು ನಿಂತಾಗ ನನಗೆ ಅಳು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ರೇಡಿಯೋದವರು ಬಂದು ಕೇಳಿದ್ದು ಆ ದಿನಗಳಲ್ಲೇ. ನನಗೆ ಹೊಳೆದದ್ದು ಒಂದೇ. ರೇಡಿಯೋಗೆ ಯಾರೂ ತಿರುಗಿ ಉತ್ತರ ಕೊಡಬೇಕಾಗಿಲ್ಲ. ನಾನು ಮಾತಾಡುವುದು, ಅವಳು ಒಲೆ ಮುಂದೆ ರೊಟ್ಟಿ ತಟ್ಟುತ್ತ ಕೇಳುವುದು. ಅವಳ ಮೌನ ಅಲ್ಲಿ ಕೊರತೆ ಅನ್ನಿಸುವುದಿಲ್ಲ. ಅಷ್ಟು ಸಾಕಿತ್ತು ನನಗೆ.

ಆಂಟೆನಾ ಏರಿಸಿದ ದಿನ ಚೆನ್ನಾಗಿ ನೆನಪಿದೆ. ಕಟ್ಟಲು ಬಂದವರು ಅದನ್ನು ಟವರಿನ ತುದಿಗೆ ಕೂರಿಸುವಂತಿಲ್ಲ, ಅಲ್ಲಿ ಸಿಡಿಲಿನ ಸಲಾಕೆ ಇರುತ್ತದೆ, ಆದ್ದರಿಂದ ಪಕ್ಕಕ್ಕೆ ತೋಳು ಚಾಚಿದ ಹಾಗೆ ಕಟ್ಟುತ್ತೇವೆ ಎಂದರು. ಯಾವ ಮಗ್ಗುಲಿಗೆ ಕಟ್ಟಬೇಕು ಎಂದು ಕೇಳಿದರು. ನಾವೆಲ್ಲ ರೇಡಿಯೋ ಸಮಿತಿಯ ಅಧ್ಯಕ್ಷರ ಮುಖ ನೋಡಿದೆವು. ಅವರು ಪೇಟೆಯಲ್ಲಿ ಬಹಳ ವರ್ಷಗಳಿಂದ ಬಟ್ಟೆ ಅಂಗಡಿ ನಡೆಸುವ ಹಿರಿಯರು, ಹಣೆಯ ತುಂಬ ವಿಭೂತಿ, ಒಳ್ಳೆಯ ಮನುಷ್ಯ. ಅಂಗಡಿಯ ಗಲ್ಲಾ, ಮನೆಯ ಬಾಗಿಲು, ಮೊಮ್ಮಗಳ ತೊಟ್ಟಿಲು ಎಲ್ಲವನ್ನೂ ದಿಕ್ಕು ನೋಡಿ ಇಟ್ಟವರು.

"ಇದೇನು ಕೇಳೋ ಮಾತೇನ್ರಿ?" ಎಂದರು. "ಒಳ್ಳೆ ಕೆಲಸ ಶುರು ಮಾಡಾಕತ್ತೀವಿ. ಮೂಡಲಕ ಮುಖ ಮಾಡಿ ಕಟ್ರಿ. ಪಡುವಣಕ್ಕ ಯಾರಾದ್ರೂ ಮುಖ ಹಾಕ್ತಾರೇನ್ರಿ?"

ಎಲ್ಲರೂ ಹೌದೌದು ಎಂದೆವು. ಯಾರಿಗೂ ಅದು ತಪ್ಪು ಅನ್ನಿಸಲಿಲ್ಲ. ನಾನಂತೂ ರೇಷ್ಮೆ ಸೀರೆ ಉಟ್ಟು ಬಂದಿದ್ದೆ. ಆ ಅಲ್ಯೂಮಿನಿಯಂ ಕೊಳವೆಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹೂ ಮುಡಿಸಿ, ಆರತಿ ಎತ್ತಿ, ಹಾಡು ಹೇಳಿ ಮೇಲಕ್ಕೆ ಕಳಿಸಿಕೊಟ್ಟೆ. ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಅದು ಟವರಿಗೆ ಅಂಟಿಕೊಂಡಿತು. ಮದುಮಗಳನ್ನು ಹಸೆಮಣೆಗೆ ಕೂರಿಸಿದಷ್ಟು ಸಂಭ್ರಮ ನಮಗೆ.

ಆಮೇಲೆ ಪ್ರಸಾರ ಶುರುವಾಯಿತು. ಭಾವ ಸೊರಬದ ಸಂತೆಯಿಂದ ಒಂದು ರೇಡಿಯೋ ತಂದರು. ಭಾವ ಎಂದರೆ ಅಕ್ಕನ ಗಂಡ, ಹಟಮಾರಿ ರೈತ, ಯಾವ ಯಂತ್ರವಾದರೂ ಎರಡು ಏಟು ಕೊಟ್ಟರೆ ಸರಿಯಾಗುತ್ತದೆ ಎಂದು ನಂಬಿದವರು. ರೇಡಿಯೋಗೂ ಎರಡು ಏಟು ಬಿತ್ತು. ಬಂದದ್ದು ಸೊಯ್ ಎಂಬ ಸದ್ದು. ಅವರು ಅದರ ಕಡ್ಡಿಗೆ ತಂತಿ ಸುತ್ತಿ ಬಟ್ಟೆ ಒಣಗಿಸುವ ತಂತಿಗೆ ಕಟ್ಟಿದರು, ಸ್ಟೀಲಿನ ತಟ್ಟೆಯ ಮೇಲಿಟ್ಟರು, ಹಟ್ಟಿಯ ಮಾಡಿನ ಮೇಲೆ ಹತ್ತಿ ಹಿಡಿದರು. ಸೊಯ್.

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಎಂದು ಭಾವ ಫೋನಿನಲ್ಲಿ ನನಗೇ ಚುಚ್ಚಿದರು. "ಗುಡ್ಡ ಅಡ್ಡ ಅಂತಿಯಲ್ಲೇ ತಂಗಿ, ನಿಮ್ಮ ರೇಡಿಯೋದಲ್ಲೇ ದಮ್ಮಿಲ್ಲ ನೋಡು."

ಗುಡ್ಡ ಇದ್ದದ್ದು ನಿಜ. ಶಿಕಾರಿಪುರದಿಂದ ಮೂಡಲಕ್ಕೆ ಹೋದರೆ ನೆಲ ಚಪಾತಿ ಲಟ್ಟಿಸಿದ ಹಾಗೆ ಬಿದ್ದುಕೊಂಡಿದೆ. ಪಡುವಣಕ್ಕೆ ಹೋದರೆ ಏರು, ಇಳಿಜಾರು, ಕಾಡು, ಕಣಿವೆ. ಅಕ್ಕನ ಊರು ಅಂಥದೊಂದು ಗುಡ್ಡದ ಬೆನ್ನಿಗೆ ಆತುಕೊಂಡು ಕೂತಿದೆ. ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ನಮ್ಮ ಸ್ಟುಡಿಯೋದ ಕಿಟಕಿಯಿಂದ ನೋಡಿದರೆ ಅದು ಬೆಟ್ಟವೇ ಅಲ್ಲ, ಆಕಾಶದ ಅಂಚಿಗೆ ಹಾಕಿದ ಕಸೂತಿ. ಆ ಕಸೂತಿಯೇ ನನ್ನ ಮಾತನ್ನು ತಡೆದು ನಿಲ್ಲಿಸುತ್ತದೆ ಎಂದು ಮೊದಲು ನನಗೇನು ಗೊತ್ತಿತ್ತು.

ನಾನು ಕಾರ್ಯಕ್ರಮವನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಭಾನುವಾರ ಹೋಗಿ ಕೇಳಿಸಿದೆ. ಅಕ್ಕ ಮರ್ಯಾದೆಗೆ ಕೂತು ಕೇಳಿದಳು, ನಕ್ಕಳು. ಆಮೇಲೆ ನನ್ನ ಕಿವಿಯ ಹತ್ತಿರ ಬಾಯಿ ತಂದು ಪಿಸುಗುಟ್ಟಿದಳು.

"ಇದು ಮೊನ್ನೇದು ಅಲ್ದನೇ. ಮೊನ್ನೇದು ನಂಗೆ ಎಂತಕ್ಕೆ ಮಾರಾಯ್ತಿ? ನೀ ಅಲ್ಲಿ ಬಾಯಿ ಬಿಟ್ಟ ಹೊತ್ತಿಗೆ ನಾ ಇಲ್ಲಿ ಒಲೆ ಮುಂದೆ ಇರ್ಬೇಕು. ಆಗ ನೀ ನನ್ನ ಮನೇಲಿ ಇದ್ದ ಹಂಗೆ."

ಸೊರಬದ ಕಡೆಗೆ ಕೊಟ್ಟ ಮೇಲೆ ಅವಳ ಮಾತಿನ ಧಾಟಿ ಅಲ್ಲಿಯದೇ ಆಗಿಬಿಟ್ಟಿದೆ. ನಾನು ಅದನ್ನು ಅಣಕಿಸುತ್ತಿದ್ದೆ. ಆ ದಿನ ಅಣಕಿಸಲಿಲ್ಲ. ಅವಳು ನನ್ನ ಮುಖ ನೋಡಿ, "ಬಿಡು, ನೀ ಮಾತಾಡ್ತಿ ಅಂತ ಗೊತ್ತಲ್ಲ, ಸಾಕು," ಎಂದಳು. ಸಾಕು ಎಂದವರಿಗೆ ಸಾಲದೆ ಇರುವುದು ನನಗೆ ಗೊತ್ತಾಗುತ್ತದೆ. ಅವಳ ಕೈಯಲ್ಲಿ ಬೆಳೆದವಳು ನಾನು.

ಆಮೇಲಿನ ಭಾನುವಾರಗಳು ಹುಚ್ಚು ತಿರುಗಾಟದಲ್ಲಿ ಹೋದವು. ಭಾನುವಾರ ನನ್ನ ಮಾತು ಇರುವುದಿಲ್ಲ, ಕೇಂದ್ರದಿಂದ ಬರೀ ಹಾಡು ಬಿಡುತ್ತಾರೆ. ನಮ್ಮ ಮನೆಯವರು ಸ್ಕೂಟರ್ ಓಡಿಸುವುದು, ನಾನು ಹಿಂದೆ ಕೂತು ಮಡಿಲಲ್ಲಿ ರೇಡಿಯೋ ಇಟ್ಟುಕೊಳ್ಳುವುದು. ಎಲ್ಲಿಯವರೆಗೆ ಕೇಳುತ್ತದೆ, ಎಲ್ಲಿ ನಿಲ್ಲುತ್ತದೆ ನೋಡುವುದು. ತಾಳಗುಂದದ ಕಡೆ ಹೋದರೆ ಜೋಳದ ಹೊಲಗಳ ನಡುವೆ ಹಾಡು ಒಂದಿಷ್ಟು ಬಡವಾದರೂ ಕೈ ಬಿಡಲಿಲ್ಲ. ಮೂಡಲಕ್ಕೆ ಹೋದರೆ ಪೆಟ್ರೋಲು ಮುಗಿಯಬೇಕು, ಹಾಡು ಮುಗಿಯುತ್ತಿರಲಿಲ್ಲ. ಸೊರಬದ ರಸ್ತೆಯಲ್ಲಿ ಮಾತ್ರ ಊರು ದಾಟುತ್ತಿದ್ದ ಹಾಗೆಯೇ ದನಿ ಸೊರಗುತ್ತಿತ್ತು. ಗುಡ್ಡದ ಬುಡಕ್ಕೆ ಬಂದಾಗ ಸೊಯ್. ರಸ್ತೆ ಗುಡ್ಡದ ಸಂದಿಗೆ ಏರಿದಾಗ ಮತ್ತೆ ಎರಡು ಸಾಲು ಹಾಡು, ಇಳಿದರೆ ಸೊಯ್.

ಒಂದು ದಿನ ಅಂಬ್ಲಿಗೊಳದ ಜಲಾಶಯದ ಕಡೆಗೂ ಸುತ್ತಿಕೊಂಡು ಹೋದೆವು. ಕೆಳಗೆ ತೋಟದ ದಾರಿಯಲ್ಲಿ ಏನೂ ಇಲ್ಲ. ಏರಿಯ ಮೇಲೆ ಹತ್ತಿ ನಿಂತರೆ, ಮುಂದೆ ತುಂಬಿದ ನೀರು, ನೀರಿನ ಮೇಲೆ ಅಡ್ಡ ಒಂದು ಗಿಡವೂ ಇಲ್ಲ. ಕೈಯಲ್ಲಿದ್ದ ರೇಡಿಯೋದಲ್ಲಿ ಹಾಡು ಗಂಟೆ ಹೊಡೆದ ಹಾಗೆ ಕೇಳಿತು. ಒಂದು ಹೆಜ್ಜೆ ಆಚೆ ಸರಿದರೆ ಮಂಕು, ಈಚೆ ಬಂದರೆ ಸ್ಪಷ್ಟ. ಏರಿಯ ಮೇಲೆ ನಾನು ಹಿಂದೆ ಮುಂದೆ ಹೆಜ್ಜೆ ಹಾಕುವುದನ್ನು ನೋಡಿ ದನ ಕಾಯುತ್ತಿದ್ದ ಅಜ್ಜಿಯೊಬ್ಬಳು ನಮ್ಮ ಮನೆಯವರನ್ನು ಕರೆದು, ಇವರಿಗೆ ಯಾವಾಗಿನಿಂದ ಹೀಗೆ ಎಂದು ಕನಿಕರದಿಂದ ವಿಚಾರಿಸಿದಳಂತೆ.

ನನ್ನ ತಲೆಯಲ್ಲಿ ಕೊರೆಯತೊಡಗಿದ್ದು ಬೇರೆ. ಗುಡ್ಡದ ಹಿಂದೆ ಕೇಳಿಸದಿದ್ದರೆ ಗುಡ್ಡವನ್ನು ಬೈಯಬಹುದು. ಗುಡ್ಡಕ್ಕೆ ಇನ್ನೂ ದೂರ ಇರುವಾಗಲೇ, ಪಡುವಣದ ಬಯಲಿನಲ್ಲೇ ದನಿ ಯಾಕೆ ಸೊರಗಬೇಕು? ಅಷ್ಟೇ ದೂರ ಮೂಡಲಕ್ಕೆ ಹೋದರೆ ಮೈ ತುಂಬಿಕೊಂಡು ಬರುತ್ತದಲ್ಲ?

ಯಂತ್ರ ನೋಡಿಕೊಳ್ಳಲು ಆಗಾಗ ಬರುವ ಇಂಜಿನಿಯರ್ ಹುಡುಗಿಗೆ ಇದನ್ನು ಕೇಳಿದೆ. ಆಂಟೆನಾ ಏರಿಸಿದ ಮೇಲೆ ಬಂದವಳು ಅವಳು. ಮೊದಲು 'ಸ್ವಲ್ಪ ಆಚೀಚೆ ಇರುತ್ತೆ ಮೇಡಂ' ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟಳು. ನಾನು ಬಿಡಲಿಲ್ಲ. ತಿರುಗಾಟದ ಕತೆಯನ್ನೆಲ್ಲ ಹೇಳಿದೆ. ಅವಳು ಹಿತ್ತಲಿಗೆ ಬಂದು ಟವರನ್ನು ಕತ್ತೆತ್ತಿ ನೋಡಿದಳು.

"ಮೇಡಂ, ಕರೆಂಟು ಹೋದಾಗ ಲಾಟೀನನ್ನ ಕಂಬದ ಒಂದು ಮಗ್ಗುಲಿಗೆ ನೇತು ಹಾಕಿದ್ರೆ ಏನಾಗುತ್ತೆ?" ಎಂದಳು.

"ಕಂಬದ ನೆರಳು ಆ ಕಡೆ ಬೀಳ್ತತಿ."

"ಅಷ್ಟೇ. ಈ ಟವರು ಕಂಬ, ಆಂಟೆನಾ ಲಾಟೀನು. ನೀವು ಮೂಡಲದ ಮಗ್ಗುಲಿಗೆ ಕಟ್ಟಿದೀರಿ. ಟವರಿನ ಕಬ್ಬಿಣದ ಮಂಕು ಪಡುವಣಕ್ಕೆ ಬಿದ್ದಿದೆ. ಪೂರ್ತಿ ಕತ್ತಲಲ್ಲ, ಆದರೆ ಬೆಳಕು ಕಮ್ಮಿ. ಆ ಕಮ್ಮಿ ಬೆಳಕಿಗೆ ಗುಡ್ಡ ಬೇರೆ ಅಡ್ಡ ಬಂದರೆ ಇನ್ನೇನು ಉಳಿಯುತ್ತೆ? ಗುಡ್ಡ ತೆಗೆಯೋಕೆ ಆಗಲ್ಲ. ಆಂಟೆನಾ ಈ ಕಡೆಗೆ ಕಟ್ಟಬಹುದು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಹೂ ಮುಡಿಸಿ ಆರತಿ ಎತ್ತಿ ಕಳಿಸಿದ್ದು ನಾನೇ. ಮೂಡಲಕ್ಕೆ ಮುಖ ಮಾಡಿಸಿದ ಸಂಭ್ರಮದಲ್ಲಿ ಅದರ ಬೆನ್ನು ಯಾರ ಕಡೆಗೆ ಬೀಳುತ್ತದೆ ಎಂದು ಊರಲ್ಲಿ ಒಬ್ಬರಿಗೂ ಹೊಳೆಯಲಿಲ್ಲವಲ್ಲ. ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ಎರಡೂ ಒಂದಿಷ್ಟು ಆಯಿತು.

ಅಧ್ಯಕ್ಷರ ಅಂಗಡಿಗೆ ಹೋದೆ. ಅವರು ಗಿರಾಕಿಗೆ ಟವೆಲು ಬಿಚ್ಚಿ ತೋರಿಸುತ್ತಿದ್ದರು. ಕೂರಿಸಿ ಚಹಾ ತರಿಸಿದರು. ನಾನು ಲಾಟೀನಿನ ಕತೆ ಹೇಳಿದೆ. ಅವರು ತಲೆ ಅಲ್ಲಾಡಿಸಿದರು.

"ಪೂಜೆ ಮಾಡಿ ಕೂರಿಸಿದ್ದನ್ನ ಅಲ್ಲಾಡಸಬಾರದು ತಂಗಿ. ಅದೂ ಪಡುವಣಕ್ಕ. ಮತ್ತ ಮೂಡಲ ಕಡಿಯೋರ ಗತಿ ಏನು? ಅವರೇನು ಪಾಪ ಮಾಡ್ಯಾರ?"

ಅದು ನ್ಯಾಯವಾದ ಪ್ರಶ್ನೆ. ಅದನ್ನು ನಾನು ಇಂಜಿನಿಯರ್ ಹುಡುಗಿಗೆ ಮೊದಲೇ ಕೇಳಿಕೊಂಡಿದ್ದೆ. ಮೂಡಲ ಬಯಲು, ಅಲ್ಲಿ ಕಮ್ಮಿ ಬಿಟ್ಟರೂ ಹರಿಯುತ್ತದೆ, ಬಹಳ ದೂರದವರಿಗೆ ಮಾತ್ರ ಸ್ವಲ್ಪ ಮಂಕಾಗಬಹುದು ಎಂದಿದ್ದಳು. ಅದನ್ನೇ ಹೇಳಿದೆ. ಪಡುವಣದ ಹಳ್ಳಿಗಳಲ್ಲಿ ಎಷ್ಟು ಹೆಣ್ಣುಮಕ್ಕಳಿದ್ದಾರೆ, ಅವರಿಗೂ ಹಸುಕರು ಇಲ್ಲವೇ, ಅಡುಗೆ ಇಲ್ಲವೇ ಎಂದು ಭಾಷಣ ಮಾಡಿದೆ. ಅವರು ಚಹಾ ಕುಡಿದು ಲೋಟ ಇಟ್ಟು ಶಾಂತವಾಗಿ ಕೇಳಿದರು.

"ನಿಮ್ಮ ಅಕ್ಕನ ಮನಿ ಯಾವ ಕಡೀ ಬರ್ತತಿ?"

ನನಗೆ ಮೈಯೆಲ್ಲ ಉರಿಯಿತು. ಇಷ್ಟು ದೊಡ್ಡ ಮಾತಾಡುತ್ತಿದ್ದರೆ ಸ್ವಂತಕ್ಕೆ ಅನ್ನುತ್ತಾರಲ್ಲ ಎಂದು. ಉತ್ತರ ಜೋಡಿಸಲು ಬಾಯಿ ತೆರೆದೆ, ಬಂದದ್ದು ಬೇರೆಯೇ.

"ಹೌದ್ರೀ ಯಜಮಾನ್ರೇ, ನಮ್ಮಕ್ಕನ ಸಲುವಾಗೇ. ಹಳ್ಳಿಗಿಳ್ಳಿ ಎಲ್ಲ ಆಮೇಲೆ. ಆಕಿ ದನಿ ಹೋಗೈತಿ. ನನ್ನ ದನೀನಾದ್ರೂ ಆಕಿ ಮನಿಗೆ ಹೋಗ್ಲಿ ಅಂತ," ಎಂದುಬಿಟ್ಟೆ. ಟವೆಲಿನ ಗಿರಾಕಿ ನನ್ನನ್ನೇ ನೋಡುತ್ತಿದ್ದ.

"ಹಂಗ ಹೇಳು ಮತ್ತ. ಇಷ್ಟೊತ್ತು ಸುತ್ತಿ ಬಳಸಿ," ಎಂದರು ಅವರು. ಸ್ವಲ್ಪ ಹೊತ್ತು ಟವೆಲು ಮಡಿಸಿದರು. "ಆದ್ರ ದಿಕ್ಕಿನ ಮಾತು ಏನು ಮಾಡೋದು?"

"ದೀಪಾನ ಮೂಡಲಕ ಮುಖ ಮಾಡೇ ಹಚ್ಚತೀವಿ, ಇಲ್ಲ ಅನ್ನಲ್ಲ. ಹಚ್ಚಿದ ಮ್ಯಾಲೆ ಹಿಡಿಯೋದು ಕತ್ತಲ ಇದ್ದ ಕಡಿಗೇ ಅಲ್ಲೇನ್ರಿ?" ಎಂದೆ.

ಆ ಮಾತು ಎಲ್ಲಿಂದ ಬಂತೋ ನನಗೇ ತಿಳಿಯದು. ಜೋರು ಬಾಯಿ ಎಂದಾದರೊಮ್ಮೆ ಉಪಯೋಗಕ್ಕೆ ಬರುತ್ತದೆ. ಅವರು ಗೋಡೆಯ ಕ್ಯಾಲೆಂಡರು ನೋಡಿ, ಸೋಮವಾರ ಬಿಟ್ಟು ಯಾವತ್ತಾದರೂ ಆಗಲಿ ಎಂದರು. ತಾವೇ ಬಂದು ಟವರಿಗೆ ಇನ್ನೊಂದು ಕಾಯಿ ಒಡೆದರು. ತೋಳು ಪಡುವಣದ ಮಗ್ಗುಲಿಗೆ ಹೋಯಿತು. ಮುಂದಿನ ವಾರ ಮೂಡಲ ಕಡೆಯ ದೂರದ ಹಳ್ಳಿಯವರೊಬ್ಬರು ಫೋನ್ ಮಾಡಿ, "ಯಾಕ್ರೀ ಅಕ್ಕಾರ, ದನಿ ಸೊರಗೇತಲ್ಲ, ಆರಾಮ ಇಲ್ಲೇನು?" ಎಂದು ಕೇಳಿದರು. ಅವರಿಗೆ ಏನು ಹೇಳಲಿ? ನನಗೆ ಪಾಪ ಅನ್ನಿಸಿತು. ಶುಂಠಿ ಕಷಾಯ ಕುಡಿಯುತ್ತೇನೆ ಎಂದೆ.

ಅಕ್ಕನ ಮನೆಗೆ ಹೋದೆವು. ಭಾವ ರೇಡಿಯೋ ಹಾಕಿದರು. ಅಡುಗೆಮನೆಯಲ್ಲಿ ಸೊಯ್. ಇಂಜಿನಿಯರ್ ಹುಡುಗಿ ಹೇಳಿದ್ದಳು, ಗುಡ್ಡದ ಅಂಚಿಗೆ ತಾಗಿದ ಅಲೆ ಸ್ವಲ್ಪ ಬಾಗಿ ಕೆಳಗೂ ಇಳಿಯುತ್ತದೆ, ಅದು ಎಲ್ಲಿ ಬೀಳುತ್ತದೆ ಹುಡುಕಿ, ಸೋಲಬೇಡಿ ಎಂದು. ಹುಡುಕಿದೆವು. ಜಗಲಿ, ಹಿತ್ತಲು, ಬಾವಿಕಟ್ಟೆ. ಭಾವ ರೇಡಿಯೋವನ್ನು ಎಳೆಗೂಸಿನ ಹಾಗೆ ಎತ್ತಿಕೊಂಡು ಮುಂದೆ, ನಾವೆಲ್ಲ ಹಿಂದೆ. ಬಚ್ಚಲಮನೆಯ ಮೂಲೆಯಲ್ಲಿ ಸಟ್ಟನೆ ಹಾಡು ಬಂತು. ಒಂದು ಗೇಣು ಸರಿದರೆ ಮಾಯ. ಅಕ್ಕ ಚಪ್ಪಾಳೆ ತಟ್ಟಿದಳು. ಭಾವ ರೇಗಿದರು.

"ಇನ್ಮೇಲೆ ನಿಮ್ಮಕ್ಕ ಬಚ್ಚಲಲ್ಲಿ ಕೂತು ರೊಟ್ಟಿ ಬಡೀಬೇಕಾ?"

ಅದೂ ನಿಜವೇ. ಅವಳಿಗೆ ಬೇಕಾದದ್ದು ಒಲೆಯ ಮುಂದೆ. ಆಗ ನಮ್ಮ ಮನೆಯವರು, ರಸ್ತೆ ಗುಡ್ಡ ದಾಟುವ ಸಂದಿ ಈ ಮನೆಯಿಂದ ಎಲ್ಲಿ ಕಾಣುತ್ತದೆ ಎಂದು ಕೇಳಿದರು. ಸ್ಕೂಟರಿನಲ್ಲಿ ಹೋಗುವಾಗ ಹಾಡು ಎರಡು ಸಾಲು ಬಂದದ್ದು ಅಲ್ಲೇ ಅಲ್ಲವೇ. ಹಟ್ಟಿಯ ಹಿಂದಿನ ದಿಬ್ಬದ ಮೇಲೆ ನಿಂತರೆ ಗುಡ್ಡದ ಎರಡು ಹೆಗಲ ನಡುವೆ ಆ ಸಂದಿ ಕಾಣುತ್ತಿತ್ತು. ಭಾವ ಉದ್ದನೆಯ ಬಿದಿರಿನ ಗಳ ತಂದು ಅಲ್ಲೇ ನೆಟ್ಟರು. ತುದಿಗೆ ಎರಡು ತಂತಿಯನ್ನು ರೆಕ್ಕೆಯ ಹಾಗೆ ಕಟ್ಟಿ, ಅಲ್ಲಿಂದ ಇನ್ನೊಂದು ತಂತಿಯನ್ನು ಮಾಡಿನ ಮೇಲಿಂದ ಎಳೆದು, ಹೆಂಚಿನ ಸಂದಿಯಿಂದ ಅಡುಗೆಮನೆಗೆ ಇಳಿಸಿ ರೇಡಿಯೋಗೆ ಸಿಕ್ಕಿಸಿದರು. ಆ ಹೊತ್ತಿಗೆ ಭಾನುವಾರದ ಹಾಡುಗಳು ಮುಗಿದು ಕೇಂದ್ರ ಬಾಗಿಲು ಹಾಕಿತ್ತು. ಪರೀಕ್ಷೆ ಮಾಡಲು ಏನೂ ಉಳಿದಿರಲಿಲ್ಲ.

"ನಾಳೆ ಬೆಳಿಗ್ಗೆ ನೀನೇ ಮಾತಾಡು. ಕೇಳಿಸಿದ್ರೆ ನಾ ಮರದ ಹತ್ರ ನಿಂತು ಒಂದು ಮಿಸ್ಡ್ ಕಾಲ್ ಕೊಡ್ತೀನಿ," ಎಂದರು ಭಾವ. "ಇವಳು ಒಳಗಿಂದ ಸೌಟು ಎತ್ತಿ ತೋರಿಸ್ಲಿ."

ಅಕ್ಕ ಸೌಟು ಎತ್ತಿ ತೋರಿಸಿ ಅಭ್ಯಾಸವನ್ನೂ ಮಾಡಿದಳು.

ಮರುದಿನ ಬೆಳಿಗ್ಗೆ ನಮಸ್ಕಾರ ಹೇಳಿದೆ. ಏನೋ ಅಡುಗೆ ಹೇಳಿದೆ. ಉಪ್ಪು ಹೇಳಲು ಮರೆತೆ ಎಂದು ಆಮೇಲೆ ಹಿಂದಿನ ಬೀದಿಯಿಂದ ವರದಿ ಬಂತು. ಫೋನನ್ನು ಮೇಜಿನ ಮೇಲೆ ಸದ್ದು ತೆಗೆದು ಇಟ್ಟುಕೊಂಡಿದ್ದೆ. ಅದು ಕಪ್ಪಗೆ ಬಿದ್ದುಕೊಂಡಿತ್ತು. ಮಾತಾಡಿದೆ, ಹಾಡು ಹಾಕಿದೆ, ಮತ್ತೆ ಮಾತಾಡಿದೆ. ಕಪ್ಪಗೇ ಇತ್ತು. ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡೆನೇ ಎಂದು ಅನ್ನಿಸತೊಡಗಿತು. ಗುಡ್ಡ ಗುಡ್ಡವೇ.

ಕೊನೆಗೆ, ಯಾರನ್ನೂ ಕೇಳದೆ, ಅಕ್ಕನ ಹಾಡು ಶುರು ಮಾಡಿದೆ. ಅದುವರೆಗೂ ಅದನ್ನು ನಾನು ಮೈಕಿನಲ್ಲಿ ಹಾಡಿರಲಿಲ್ಲ. ಅವಳಿಗೆ ಕೇಳಿಸದ ಕಡೆ ಅದನ್ನು ಹಾಡಲು ಮನಸ್ಸು ಬಂದಿರಲಿಲ್ಲ. ಹಿತ್ತಲ ಕರುವನ್ನು ಕರೆದೆ, ಕೆರೆಯ ಗಾಳಿಯನ್ನು ಕರೆದೆ. ನನ್ನ ದನಿ ಅವಳ ದನಿಯ ಕಾಲ್ದೂಳಿಗೂ ಸಮವಲ್ಲ, ಆದರೂ ಹಾಡಿದೆ. ಕೊನೆಯ ನುಡಿಗೆ ಬಂದಾಗ ತಂಗಿ ಎಂಬಲ್ಲಿ ಅಕ್ಕ ಎಂದು ಹಾಕಿ, ಮುನಿದ ಅಕ್ಕನೇ ಎಂದು ಕರೆದು, 'ಬಾ' ಎನ್ನದೆ ನಿಲ್ಲಿಸಿಬಿಟ್ಟೆ.

ರೇಡಿಯೋದಲ್ಲಿ ಸದ್ದಿಲ್ಲದೆ ಬಿಡುವುದು ದೊಡ್ಡ ಅಪರಾಧ. ಕೇಳುವವರು ಯಂತ್ರ ಕೆಟ್ಟಿತು ಎಂದುಕೊಳ್ಳುತ್ತಾರೆ. ಗಾಜಿನಾಚೆ ಕೂತಿದ್ದ ಇಂಜಿನಿಯರ್ ಹುಡುಗಿ ಎದ್ದು ನಿಂತು ಎರಡೂ ಕೈಯಿಂದ ಏನಾಯಿತು ಎಂದು ಕೇಳುತ್ತಿದ್ದಳು. ನಾನು ಮಾತಾಡಲಿಲ್ಲ. ನಾಲ್ಕೂ ಕಡೆಯ ಊರುಗಳಿಗೆ ನಾನು ಕಳಿಸುತ್ತಿದ್ದದ್ದು ಆ ಖಾಲಿ ಜಾಗ ಮಾತ್ರ.

ಫೋನಿನಲ್ಲಿ ಬೆಳಕು ಬಂತು. ಭಾವನ ಹೆಸರು. ಒಂದು ಸಲ ಮಿನುಗಿ ಆರಿತು.

ಕೇಳಿಸುತ್ತಿದೆ. ಗುಡ್ಡದ ಆಚೆ, ಒಲೆಯ ಮುಂದೆ, ಈಗಲೇ ಕೇಳಿಸುತ್ತಿದೆ. ನಾನು ಬಾಯಿ ತೆರೆದು ಹಾಡಿನ ಕೊನೆಯ ಮಾತು ಹೇಳಬೇಕು ಅನ್ನುವಷ್ಟರಲ್ಲಿ ಫೋನು ಇನ್ನೊಮ್ಮೆ ಬೆಳಗಿ ಆರಿತು. ಒಂದು ಎಂದಲ್ಲವೇ ಮಾತಾಗಿದ್ದದ್ದು? ಭಾವ ಮರೆತು ಮತ್ತೆ ಒತ್ತಿರಬೇಕು ಎಂದುಕೊಂಡೆ. ಹೇಗೋ ಮಾತು ಮುಗಿಸಿ, ಜಾಹೀರಾತು ಹಾಕಿ, ಹೊರಗೆ ಬಂದು ಸೆರಗಿನಿಂದ ಮುಖ ಒರೆಸಿಕೊಂಡೆ. ಇಂಜಿನಿಯರ್ ಹುಡುಗಿ ಒಂದು ಲೋಟ ನೀರು ಕೊಟ್ಟಳು.

ಭಾನುವಾರದವರೆಗೆ ಕಾಯಲು ಆಗಲಿಲ್ಲ. ಆವತ್ತೇ ಮಧ್ಯಾಹ್ನ ಬಸ್ಸು ಹತ್ತಿ ಹೋದೆ. ಭಾವ ಗದ್ದೆಗೆ ಹೋಗಿದ್ದರು. ಅಕ್ಕ ಅಡುಗೆಮನೆಯಲ್ಲಿದ್ದಳು, ರೇಡಿಯೋ ಒಲೆಯ ಪಕ್ಕದ ಗೂಡಿನಲ್ಲಿ ಕೂತಿತ್ತು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯವೇ ಆಗಲಿಲ್ಲ. ನನ್ನ ತಟ್ಟೆ ಮೊದಲೇ ಹಾಕಿಟ್ಟಿದ್ದಳು.

"ಭಾವ ಯಾಕೆ ಎರಡು ಸಲ ಕೊಟ್ರು?" ಎಂದು ಕೇಳಿದೆ.

ಅವಳು ಕೈ ಒರೆಸಿಕೊಂಡು ನನ್ನ ಪಕ್ಕ ಕೂತು, ಕಿವಿಗೆ ಬಾಯಿ ತಂದಳು.

"ಮೊದಲ್ನೇದು ನಿಮ್ಮ ಭಾವಂದು, ನೆಟ್‌ವರ್ಕ್ ಸಿಗದೆ ಅಷ್ಟು ತಡ ಆತು. ನೀ ಅಲ್ಲಿ ಹಾಡು ಬಿಟ್ಟು ಸುಮ್ನೆ ಕೂತ್ಯಲ್ಲ, ನಂಗೆ ತಡ್ಕಳಕ್ಕೆ ಆಗ್ಲಿಲ್ಲ. ಸೌಟು ಹಿಡ್ಕಂಡೇ ಮರದ ಹತ್ರ ಓಡಿ ಅವರ ಕೈಯಿಂದ ಫೋನ್ ಕಿತ್ಕಂಡೆ." ಅವಳು ಉಸಿರು ತೆಗೆದುಕೊಂಡಳು. "ಎರಡ್ನೇದು, ಬಾ."